ಕ್ರೂಸರ್ ಹಡಗಿನಲ್ಲಿ ವಿಮಾನದ ಪೆಟ್ರೋಲ್ ಎಲ್ಲಿತ್ತು?

ಪ್ರಶ್ನೆ: ಸರ್, ನಾನು ದಾವಣಗೆರೆಯವನು. ಬ್ಯಾಂಕ್ ಕೆಲಸದಿಂದ ನಿವೃತ್ತನಾದ ಮೇಲೆ ಹಡಗಿನ ಮಾಡೆಲ್ ಕಟ್ಟುವ ಹುಚ್ಚು ಹತ್ತಿಕೊಂಡಿದೆ. ಈಗ ಎರಡನೇ ಮಹಾಯುದ್ಧದ ಅಮೆರಿಕನ್ ಕ್ರೂಸರ್ (ಮಧ್ಯಮ ಗಾತ್ರದ ಯುದ್ಧನೌಕೆ) ‘ಕ್ವಿನ್ಸಿ’ಯನ್ನು ಕಟ್ಟುತ್ತಿದ್ದೇನೆ. ನಡುಭಾಗದಲ್ಲಿ ವಿಮಾನವನ್ನು ಆಕಾಶಕ್ಕೆ ಚಿಮ್ಮಿಸುವ ಎರಡು ಕ್ಯಾಟಪಲ್ಟ್, ಹಿಂದೆ ವಿಮಾನ ನಿಲ್ಲಿಸುವ ಹ್ಯಾಂಗರ್, ಅದರಲ್ಲಿ ನೀರಿನ ಮೇಲೆ ಇಳಿಯುವ ಪುಟ್ಟ ಫ್ಲೋಟ್ ಪ್ಲೇನ್‌ಗಳು. ಅಂಟು ಒಣಗಲಿ ಅಂತ ಕಾಯುತ್ತಿದ್ದಾಗ ಮೊಮ್ಮಗಳು ಕೇಳಿದಳು: ‘ತಾತ, ಈ ವಿಮಾನಕ್ಕೆ ಪೆಟ್ರೋಲ್ ಎಲ್ಲಿಂದ ಬರುತ್ತೆ? ಬಂಕ್ ಎಲ್ಲಿದೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಡುಕಿದಷ್ಟೂ ಗೊಂದಲ ಜಾಸ್ತಿ ಆಯಿತು. ಒಂದು ಕಡೆ, ‘100 ಆಕ್ಟೇನ್ ಪೆಟ್ರೋಲ್, ಒಂದು ಶೆಲ್ ತಾಗಿದರೆ ಹಡಗೇ ಚೂರು’ ಎಂದಿದೆ. ಇನ್ನೊಂದು ಕಡೆ, ಪೆಟ್ರೋಲ್ ಟ್ಯಾಂಕಿಗೆ ಸಮುದ್ರದ ನೀರು ತುಂಬಿಸುತ್ತಿದ್ದರು ಎಂದಿದೆ. ಹಾಗೆ ಮಾಡಿದರೆ ಎಂಜಿನ್ ಕೆಡುವುದಿಲ್ಲವಾ? ಕ್ವಿನ್ಸಿ ಮುಳುಗಿದ್ದೇ ಈ ಪೆಟ್ರೋಲಿನಿಂದ ಎಂದೂ ಓದಿದೆ. ಅಷ್ಟು ಅಪಾಯ ಇದ್ದರೆ ಯುದ್ಧಕ್ಕೆ ಮುಂಚೆಯೇ ಎಲ್ಲವನ್ನೂ ಸಮುದ್ರಕ್ಕೆ ಸುರಿದುಬಿಡಬಹುದಿತ್ತಲ್ವಾ?

ಉತ್ತರ: ಮೊದಲು ಮೊಮ್ಮಗಳಿಗೆ ಉತ್ತರ ಕೊಡೋಣ. ಬಂಕ್ ಇತ್ತು. ಹಡಗಿನ ಹೊಟ್ಟೆಯಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ. ನಿಮ್ಮ ಮಾಡೆಲ್‌ನಲ್ಲಿ ಅದು ಕಾಣದೇ ಇರುವುದು ಸರಿಯಾಗಿಯೇ ಇದೆ. ಕಾಣುವ ಜಾಗದಲ್ಲಿ ಇಟ್ಟಿದ್ದರೆ ಅದನ್ನು ಇಟ್ಟವನಿಗೆ ಬುದ್ಧಿ ಇರಲಿಲ್ಲ ಎನ್ನಬೇಕಿತ್ತು.

ನನ್ನ ಬಗ್ಗೆ ಎರಡು ಮಾತು, ಯಾಕೆಂದರೆ ಮುಂದಿನ ಅಭಿಪ್ರಾಯಗಳೆಲ್ಲ ಅಲ್ಲಿಂದಲೇ ಬಂದವು. ನೌಕಾಪಡೆಯಲ್ಲಿ ಇದ್ದಷ್ಟು ವರ್ಷ ನನ್ನ ಕೆಲಸ ಡ್ಯಾಮೇಜ್ ಕಂಟ್ರೋಲ್. ಹಡಗಿಗೆ ಬೆಂಕಿ ಬಿದ್ದರೆ, ನೀರು ನುಗ್ಗಿದರೆ ಏನು ಮಾಡಬೇಕು ಅನ್ನೋದು. ಲೋಣಾವಳದ ಐಎನ್‌ಎಸ್ ಶಿವಾಜಿಯಲ್ಲಿ ತರಬೇತಿ ಆಗುವಾಗ ಹಳೆಯ ಯುದ್ಧಗಳ ಹಡಗುಗಳೇ ನಮಗೆ ಪಾಠ. ನಿವೃತ್ತಿಯ ಬಳಿಕ ಪೆಟ್ರೋಲ್ ಡಿಪೋಗಳಿಗೆ ಬೆಂಕಿ ಸುರಕ್ಷತೆಯ ಸಲಹೆ ಕೊಡುತ್ತಾ ಇದ್ದೆ. ಹಾಗಾಗಿ ಪೆಟ್ರೋಲನ್ನು ನಾನು ದೂರದಿಂದ ಗೌರವಿಸುತ್ತೇನೆ. ಆದರೆ ಅದರ ಬಗ್ಗೆ ಹಬ್ಬಿರುವ ಕಟ್ಟುಕಥೆಗಳನ್ನು ನಂಬುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಪೆಟ್ರೋಲ್ ಒಂದಾಗಿಬಿಟ್ಟಿವೆ. ಒಂದು, ತಳದ ಟ್ಯಾಂಕಿನಲ್ಲಿ ಇರುವುದು. ಇನ್ನೊಂದು, ಅಲ್ಲಿಂದ ಮೇಲೆ ಬಂದು ವಿಮಾನದೊಳಗೆ, ಪೈಪಿನೊಳಗೆ, ಹ್ಯಾಂಗರಿನಲ್ಲಿ ಕೂತಿರುವುದು. ಪ್ರಮಾಣ ನೋಡಿದರೆ ಮೊದಲನೆಯದೇ ದೊಡ್ಡದು. ಆದರೆ ಕ್ರೂಸರ್‌ಗಳನ್ನು ಕಾಡಿದ್ದು ಎರಡನೆಯದು.

ಆಕ್ಟೇನ್ ಭೂತ

ಮೊದಲು ಈ 100 ಆಕ್ಟೇನ್ ವಿಷಯ ಮುಗಿಸೋಣ. ಆಕ್ಟೇನ್ ಸಂಖ್ಯೆ ಹೆಚ್ಚಾದರೆ ಪೆಟ್ರೋಲ್ ಹೆಚ್ಚು ಸಿಡಿಯುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ವಿಷಯ ಹೆಚ್ಚುಕಡಿಮೆ ಉಲ್ಟಾ. ಎಂಜಿನ್ನಿನ ಸಿಲಿಂಡರ್ ಒಳಗೆ ಪೆಟ್ರೋಲ್ ಮತ್ತು ಗಾಳಿಯನ್ನು ಒತ್ತಿದಾಗ ಅದು ಬಿಸಿಯಾಗಿ ತಾನಾಗಿಯೇ ಸಿಡಿಯಲು ನೋಡುತ್ತದೆ. ಹಳೇ ಸ್ಕೂಟರ್ ಏರು ಹತ್ತುವಾಗ ಟಕಟಕ ಬಡಿಯುತ್ತದಲ್ಲ, ಅದೇ. ಹಾಗೆ ಹೊತ್ತಿಗೆ ಮುಂಚೆ ಸಿಡಿಯದೆ ತಡೆದುಕೊಳ್ಳುವ ಗುಣಕ್ಕೆ ಕೊಡುವ ಅಂಕವೇ ಆಕ್ಟೇನ್. 100 ಆಕ್ಟೇನ್ ಎಂದರೆ ತಾಳ್ಮೆ ಜಾಸ್ತಿ ಇರುವ ಪೆಟ್ರೋಲ್. ಬಯಲಲ್ಲಿ ಚೆಲ್ಲಿ ಕಡ್ಡಿ ಗೀರಿದರೆ 87 ಆಕ್ಟೇನ್ ಕೂಡ ಅಷ್ಟೇ ಉರಿಯುತ್ತದೆ.

ಭಯ ಪಡಬೇಕಾದ ಸಂಖ್ಯೆ ಬೇರೆ ಇದೆ. ಪೆಟ್ರೋಲ್ ಮೈನಸ್ 40 ಡಿಗ್ರಿ ಚಳಿಯಲ್ಲೂ ಬೆಂಕಿ ಹತ್ತುವಷ್ಟು ಆವಿ ಬಿಡುತ್ತದೆ. ಹಡಗಿನ ಬಾಯ್ಲರಿಗೆ ಹಾಕುವ ಫರ್ನೇಸ್ ಆಯಿಲ್ ಹಾಗಲ್ಲ. ಅದನ್ನು 60 ಡಿಗ್ರಿಗೂ ಮೇಲೆ ಕಾಯಿಸಿದರೆ ಮಾತ್ರ ಅಂಥ ಆವಿ ಬರುತ್ತದೆ. ಒಂದು ಕ್ರೂಸರ್ ಸಾವಿರ ಟನ್ನಿಗೂ ಹೆಚ್ಚು ಫರ್ನೇಸ್ ಆಯಿಲ್ ಹೊತ್ತು ತಿರುಗುತ್ತಿತ್ತು. ಅದರ ಪಕ್ಕದಲ್ಲೇ ನಾವಿಕರು ಮಲಗುತ್ತಿದ್ದರು. ಪೆಟ್ರೋಲ್ ಮಾತ್ರ ಎಷ್ಟು ಕಡಿಮೆ ಇದ್ದರೂ ದೂರವೇ.

ಇನ್ನೊಂದು ವಿಷಯ. ಉರಿಯುವುದು ದ್ರವ ಅಲ್ಲ, ಆವಿ. ಅದೂ ಗಾಳಿಯಲ್ಲಿ ಸುಮಾರು ಶೇ. 1.4ರಿಂದ 7.6ರಷ್ಟು ಬೆರೆತಿದ್ದರೆ ಮಾತ್ರ. ಅದಕ್ಕಿಂತ ಕಡಿಮೆಯಾದರೆ ಹತ್ತಿಕೊಳ್ಳಲ್ಲ. ಜಾಸ್ತಿಯಾದರೂ ಹತ್ತಿಕೊಳ್ಳಲ್ಲ. ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಆದ್ದರಿಂದ ಮೇಲಕ್ಕೆ ಹೋಗಿ ಚದುರುವುದಿಲ್ಲ. ಮೆಟ್ಟಿಲು ಇಳಿಯುತ್ತದೆ, ಮೂಲೆಯಲ್ಲಿ ಕೂರುತ್ತದೆ, ಬಾಗಿಲ ಸಂದಿಯಲ್ಲಿ ನುಸುಳುತ್ತದೆ. ಹಡಗು ಎಂದರೆ ಮೂಲೆ, ಸಂದಿ, ಮೆಟ್ಟಿಲುಗಳದೇ ಊರು.

ಇದರಿಂದ ಒಂದು ವಿಚಿತ್ರ ಸತ್ಯ ಹೊರಡುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಅಪಾಯ. ತುಂಬಿದ್ದರ ಒಳಗೆ ಗಾಳಿಗೆ ಜಾಗವೇ ಇಲ್ಲ. ಖಾಲಿ ಮಾಡಿ ತೊಳೆಯದೇ ಬಿಟ್ಟದ್ದರಲ್ಲಿ ಆವಿಯೂ ಇದೆ, ಗಾಳಿಯೂ ಇದೆ. ಒಮ್ಮೆ ನಾನು ಒಂದು ವರ್ಕ್‌ಶಾಪಿನಲ್ಲಿ ನಿಂತಿದ್ದಾಗ ಹುಡುಗನೊಬ್ಬ ಹಳೇ ಡ್ರಮ್ಮಿನ ಮುಚ್ಚಳವನ್ನು ಗ್ಯಾಸಿನಲ್ಲಿ ಕತ್ತರಿಸಲು ಹೋದ. ಢಂ ಅಂತು. ಅದೃಷ್ಟಕ್ಕೆ ಹುಬ್ಬು ಮಾತ್ರ ಸುಟ್ಟಿತು. ‘ಖಾಲಿ ಇತ್ತಲ್ಲ ಸಾರ್’ ಅಂತ ಅಳುತ್ತಾ ನಿಂತಿದ್ದ. ಖಾಲಿ ಇದ್ದದ್ದಕ್ಕೇ ಹಾಗಾಗಿದ್ದು.

ನೀರಿನ ಮೇಲೆ ಪೆಟ್ರೋಲ್

ಈಗ ನಿಮ್ಮ ಸಮುದ್ರದ ನೀರಿನ ಪ್ರಶ್ನೆಗೆ ಬರಬಹುದು. ಖಾಲಿ ಜಾಗ ಅಪಾಯ ಅಂದಮೇಲೆ, ಖಾಲಿ ಜಾಗವೇ ಇರದ ಹಾಗೆ ಮಾಡಿದರೆ? ಅದನ್ನೇ ಮಾಡಿದರು.

ಗಾಜಿನ ಲೋಟದಲ್ಲಿ ದೀಪ ಹಚ್ಚುವುದನ್ನು ನೋಡಿದ್ದೀರಿ. ಕೆಳಗೆ ನೀರು, ಮೇಲೆ ತೆಳ್ಳಗೆ ಎಣ್ಣೆ, ಅದರ ಮೇಲೆ ತೇಲುವ ಬತ್ತಿ. ನೀರು ಎಣ್ಣೆ ಬೆರೆಯುವುದಿಲ್ಲ. ಇನ್ನಷ್ಟು ನೀರು ಹಾಕಿದರೆ ಎಣ್ಣೆ ಮೇಲೇರುತ್ತದೆ. ಹಡಗಿನ ಟ್ಯಾಂಕಿನ ತತ್ವವೂ ಇಷ್ಟೇ. ಪೆಟ್ರೋಲ್ ನೀರಿಗಿಂತ ಹಗುರ, ಮುಕ್ಕಾಲು ಪಾಲಿನಷ್ಟು ತೂಕ ಅಷ್ಟೇ. ತಳದಿಂದ ಸಮುದ್ರದ ನೀರನ್ನು ಒತ್ತಿ ಒಳಗೆ ಬಿಟ್ಟರೆ ಮೇಲಿನ ಪೈಪಿನಿಂದ ಪೆಟ್ರೋಲ್ ಹೊರಡುತ್ತದೆ. ನೂರು ಲೀಟರ್ ಪೆಟ್ರೋಲ್ ತೆಗೆದರೆ ನೂರು ಲೀಟರ್ ನೀರು ಅದರ ಜಾಗಕ್ಕೆ ಬಂದಿರುತ್ತದೆ. ಟ್ಯಾಂಕ್ ಯಾವಾಗಲೂ ಭರ್ತಿ. ಆವಿ ಕಟ್ಟಲು ಜಾಗವಿಲ್ಲ. ಹಡಗಿನ ತೂಕವೂ ಅಷ್ಟಾಗಿ ಅತ್ತಿತ್ತ ಆಗುವುದಿಲ್ಲ.

ಅಮೆರಿಕದವರು ಇದನ್ನು ದೊಡ್ಡ ವಿಮಾನವಾಹಕ ಹಡಗುಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದರು. ಟ್ಯಾಂಕಿನೊಳಗೆ ಟ್ಯಾಂಕ್. ಹೊರಗಿನದರ ಪೆಟ್ರೋಲ್ ಮೊದಲು ಖರ್ಚಾಗಬೇಕು. ಆಗ ಅದರಲ್ಲಿ ನೀರು ತುಂಬಿ, ಒಳಗಿನ ಪೆಟ್ರೋಲಿಗೆ ಸುತ್ತಲೂ ನೀರಿನ ಗೋಡೆ. ಬ್ರಿಟಿಷರು ತಮ್ಮ ವಿಮಾನವಾಹಕಗಳಲ್ಲಿ ಬೇರೆ ದಾರಿ ಹಿಡಿದರು. ಸಿಲಿಂಡರ್ ಆಕಾರದ ಪ್ರತ್ಯೇಕ ಟ್ಯಾಂಕುಗಳನ್ನು ಮಾಡಿ, ಅವನ್ನು ನೀರು ತುಂಬಿದ ಕೋಣೆಯಲ್ಲಿ ಕೂರಿಸಿದರು. ಹೆಚ್ಚು ಸುರಕ್ಷಿತ, ಆದರೆ ಜಾಗ ತಿನ್ನುತ್ತದೆ. ಅದಕ್ಕೇ ಬ್ರಿಟಿಷ್ ‘ಇಲಸ್ಟ್ರಿಯಸ್’ನಲ್ಲಿ ಸುಮಾರು 2.3 ಲಕ್ಷ ಲೀಟರ್ ಮಾತ್ರ ಇದ್ದರೆ, ಅಮೆರಿಕದ ‘ಎಸೆಕ್ಸ್’ನಲ್ಲಿ 9 ಲಕ್ಷ ಲೀಟರಿನ ಹತ್ತಿರ ಇತ್ತು.

ಎಂಜಿನ್ ಕೆಡಲ್ಲವಾ ಎಂದು ಕೇಳಿದಿರಿ. ಕೆಡುತ್ತದೆ, ನೀರು ಅದರವರೆಗೆ ಹೋದರೆ. ಉಪ್ಪು ನೀರಂತೂ ಇನ್ನೂ ಕೆಟ್ಟದ್ದು. ಅದಕ್ಕೇ ಮೇಲಿನ ಪದರದ ಪೆಟ್ರೋಲನ್ನೇ ತೆಗೆಯುತ್ತಿದ್ದರು, ದಾರಿಯಲ್ಲಿ ಸೋಸುತ್ತಿದ್ದರು. ಆ ಕಾಲದಲ್ಲಿ ವಿಮಾನಕ್ಕೆ ಆಳಿಕೆಯಿಂದ ಪೆಟ್ರೋಲ್ ಹಾಕುವಾಗ ಮೆತ್ತನೆಯ ಹದ ಮಾಡಿದ ತೊಗಲಿನಲ್ಲಿ ಸೋಸುವ ಪದ್ಧತಿ ಇತ್ತು. ಪೆಟ್ರೋಲ್ ಅದರಲ್ಲಿ ಇಳಿಯುತ್ತದೆ, ನೀರು ನಿಲ್ಲುತ್ತದೆ. ಈಗಲೂ ಜಕ್ಕೂರಿನಲ್ಲಿ ಸೆಸ್ನಾ ಕಲಿಯುವ ಹುಡುಗರು ಹಾರುವ ಮುಂಚೆ ರೆಕ್ಕೆಯ ಕೆಳಗಿನಿಂದ ಒಂದು ಪುಟ್ಟ ಲೋಟಕ್ಕೆ ಪೆಟ್ರೋಲ್ ಇಳಿಸಿ, ತಳದಲ್ಲಿ ನೀರು ಇದೆಯಾ ಎಂದು ಬೆಳಕಿಗೆ ಹಿಡಿದು ನೋಡುತ್ತಾರೆ.

ಟ್ಯಾಂಕನ್ನು ಸಾಮಾನ್ಯವಾಗಿ ಬಾಯ್ಲರ್ ಕೋಣೆಯಿಂದಲೂ ಮದ್ದುಗುಂಡಿನ ಕೋಣೆಯಿಂದಲೂ ಆದಷ್ಟು ದೂರ ಇಡುತ್ತಿದ್ದರು. ಪೆಟ್ರೋಲನ್ನು ರಕ್ಷಿಸುವುದಕ್ಕಿಂತ ಉಳಿದ ಹಡಗನ್ನು ಪೆಟ್ರೋಲಿನಿಂದ ರಕ್ಷಿಸುವುದು ಉದ್ದೇಶ.

ಎಲ್ಲರೂ ಶುರುವಿನಿಂದಲೇ ಇಷ್ಟು ಜಾಣರಾಗಿರಲಿಲ್ಲ. ಮೊದಲ ಮಹಾಯುದ್ಧದಲ್ಲಿ ಪೆಟ್ರೋಲ್ ಬರುತ್ತಿದ್ದದ್ದು ಎರಡು ಗ್ಯಾಲನ್ನಿನ ತಗಡಿನ ಡಬ್ಬಿಗಳಲ್ಲಿ. ಪ್ರಯಾಣಿಕರ ಹಡಗನ್ನು ಮಾರ್ಪಡಿಸಿ ಮಾಡಿದ ಬ್ರಿಟಿಷರ ಸೀಪ್ಲೇನ್ ಹಡಗು ‘ಬೆನ್-ಮೈ-ಕ್ರೀ’ 1917ರ ಜನವರಿ 11ರಂದು ಕಾಸ್ಟೆಲೊರಿಜೊ ದ್ವೀಪದ ಬಂದರಿನಲ್ಲಿ ಲಂಗರು ಹಾಕಿತ್ತು. ಎದುರು ದಡದಿಂದ ತುರ್ಕರ ಫಿರಂಗಿಗಳು ಹೊಡೆದವು. ಹ್ಯಾಂಗರಿನ ಪೆಟ್ರೋಲಿಗೆ ಬೆಂಕಿ ಬಿತ್ತು. ಅಲ್ಲಿಗೆ ಹಡಗಿನ ಕಥೆ ಮುಗಿಯಿತು.

ಬೇರೆ ಹಡಗುಗಳ ಕಥೆ

‘ಹಡಗೇ ಚೂರು’ ಎಂಬ ಮಾತು ಹುಟ್ಟಿದ್ದು ಕ್ರೂಸರ್‌ಗಳಿಂದ ಅಲ್ಲ, ವಿಮಾನವಾಹಕಗಳಿಂದ. 1942ರ ಮೇ 8ರಂದು ಕೋರಲ್ ಸಮುದ್ರದಲ್ಲಿ ಅಮೆರಿಕದ ‘ಲೆಕ್ಸಿಂಗ್ಟನ್’ಗೆ ಟಾರ್ಪಿಡೊ ಬಡಿದು ಪೆಟ್ರೋಲ್ ಟ್ಯಾಂಕ್ ಬಿರುಕು ಬಿಟ್ಟಿತು. ಹೊರಗಿನಿಂದ ಹಡಗು ಚೆನ್ನಾಗಿಯೇ ಇತ್ತು, ವಿಮಾನಗಳೂ ಇಳಿಯುತ್ತಿದ್ದವು. ಒಳಗೆ ಆವಿ ಹರಡುತ್ತಿತ್ತು. ಮಧ್ಯಾಹ್ನ 12.47ಕ್ಕೆ ಸಿಡಿಯಿತು. 1944ರ ಜೂನ್ 19ರಂದು ಜಪಾನಿನ ಹೊಚ್ಚ ಹೊಸ ‘ತೈಹೊ’ಗೆ ಒಂದೇ ಒಂದು ಟಾರ್ಪಿಡೊ ತಾಗಿತು. ಆವಿ ಓಡಿಸೋಣ ಅಂತ ಗಾಳಿ ಯಂತ್ರಗಳನ್ನು ಹಾಕಿದರು. ಆವಿ ಓಡಿತು, ಹಡಗಿನ ಎಲ್ಲ ಕೋಣೆಗೂ. ಕೆಲವು ಗಂಟೆಗಳ ಬಳಿಕ ಸ್ಫೋಟ. ನನ್ನ ಮಟ್ಟಿಗೆ ಡ್ಯಾಮೇಜ್ ಕಂಟ್ರೋಲ್ ಕಲಿಯುವವರು ಮೊದಲು ಓದಬೇಕಾದ ಕಥೆ ಇದು. ಒಳ್ಳೆಯ ಉದ್ದೇಶದಿಂದ ತಪ್ಪು ಸ್ವಿಚ್ ಒತ್ತುವುದು ಎಷ್ಟು ಸುಲಭ ನೋಡಿ.

ಆದರೆ ಅಲ್ಲಿ ಇದ್ದದ್ದು ಲಕ್ಷಗಟ್ಟಲೆ ಲೀಟರ್. ನಿಮ್ಮ ಕ್ವಿನ್ಸಿಯಲ್ಲಿ ನಾಲ್ಕೈದು ಪುಟ್ಟ ವಿಮಾನಗಳಿಗೆ ಬೇಕಾದಷ್ಟು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸಾವೋ ದ್ವೀಪದ ಆ ರಾತ್ರಿ

ಹಾಗಾದರೆ ಕ್ವಿನ್ಸಿಗೆ ಏನಾಯಿತು?

1942ರ ಆಗಸ್ಟ್ 8ರ ರಾತ್ರಿ ಕಳೆದು 9ರ ಬೆಳಗಿನ ಜಾವ. ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ಹತ್ತಿರದ ಸಾವೋ ದ್ವೀಪ. ಅಮೆರಿಕದ ‘ಕ್ವಿನ್ಸಿ’, ‘ವಿನ್ಸೆನ್ಸ್’, ‘ಆಸ್ಟೋರಿಯಾ’ ಮತ್ತು ಆಸ್ಟ್ರೇಲಿಯಾದ ‘ಕ್ಯಾನ್‌ಬೆರಾ’ ಅಲ್ಲಿ ಕಾವಲಿದ್ದವು. ಜಪಾನಿನ ಅಡ್ಮಿರಲ್ ಮಿಕಾವ ಏಳು ಕ್ರೂಸರ್, ಒಂದು ಡಿಸ್ಟ್ರಾಯರ್ ಜೊತೆ ಕತ್ತಲಲ್ಲಿ ನುಗ್ಗಿದರು. ಮಿತ್ರಪಡೆಯ ಆ ನಾಲ್ಕೂ ಕ್ರೂಸರ್‌ಗಳು ಹೋದವು. ಸತ್ತವರು ಸಾವಿರಕ್ಕೂ ಹೆಚ್ಚು.

ಗಮನಿಸಬೇಕಾದದ್ದು ಯುದ್ಧಕ್ಕೆ ಮುಂಚಿನ ಕೆಲವು ಗಂಟೆಗಳು. ಮಿಕಾವ ತಮ್ಮ ಹಡಗುಗಳ ಮೇಲ್ಭಾಗದಲ್ಲಿ ಉರಿಯುವಂಥದ್ದು ಏನಿದೆಯೋ ಎಲ್ಲವನ್ನೂ ಸಮುದ್ರಕ್ಕೆ ಎಸೆಯಲು ಹೇಳಿದ್ದರು. ರಾತ್ರಿ ಹೊತ್ತೇ ಫ್ಲೋಟ್ ಪ್ಲೇನ್‌ಗಳನ್ನು ಹಾರಿಸಿಬಿಟ್ಟಿದ್ದರು. ಆ ವಿಮಾನಗಳು ಸುಮ್ನೆ ದೂರ ಹೋಗಲಿಲ್ಲ. ಸರಿಯಾದ ಗಳಿಗೆಗೆ ಬೆಳಕಿನ ಉರಿಗಳನ್ನು (ಫ್ಲೇರ್) ಬೀಳಿಸಿ ಶತ್ರುವನ್ನು ತೋರಿಸಿದವು. ಒಂದೇ ನಿರ್ಧಾರದಲ್ಲಿ ಎರಡು ಲಾಭ: ಹಡಗಿನಿಂದ ಪೆಟ್ರೋಲ್ ಹೊರಗೆ ಹೋಯಿತು, ಆಕಾಶದಲ್ಲಿ ಕಣ್ಣು ಬಂತು.

ಈ ಕಡೆ ಅಮೆರಿಕನ್ ಹಡಗುಗಳಲ್ಲಿ ಆ ರಾತ್ರಿ ಯುದ್ಧ ಆಗಬಹುದು ಎಂಬ ನಿರೀಕ್ಷೆ ಇರಲಿಲ್ಲ. ಅವರ ಫ್ಲೋಟ್ ಪ್ಲೇನ್‌ಗಳಾದ ಸೀಗಲ್‌ಗಳು ಹಡಗಿನಲ್ಲೇ ಇದ್ದವು. ಆ ವರ್ಗದ ಕ್ರೂಸರ್‌ಗಳಲ್ಲಿ ಹ್ಯಾಂಗರ್ ಇದ್ದದ್ದು ನಟ್ಟ ನಡುವೆ, ನಿಮ್ಮ ಮಾಡೆಲ್‌ನಲ್ಲಿ ಇರುವ ಹಾಗೇ. ಮೊದಲ ಏಟುಗಳಲ್ಲೇ ಕ್ವಿನ್ಸಿಯ ವಿಮಾನಕ್ಕೆ ಬೆಂಕಿ ಹತ್ತಿತು. ವಿನ್ಸೆನ್ಸ್, ಆಸ್ಟೋರಿಯಾಗಳ ನಡುಭಾಗವೂ ಹೊತ್ತಿಕೊಂಡಿತು.

ಈಗ ನೀವೇ ಯೋಚಿಸಿ. ಕಗ್ಗತ್ತಲು. ಗುರಿ ಇಡಲು ಸರ್ಚ್‌ಲೈಟ್ ಬೇಕು, ಆದರೆ ಸರ್ಚ್‌ಲೈಟ್ ಹಾಕಿದರೆ ಹಾಕಿದವನೇ ಕಾಣುತ್ತಾನೆ. ಅಂಥಾ ಹೊತ್ತಿನಲ್ಲಿ ಎದುರಾಳಿಯ ಹಡಗಿನ ನಡುವೆ ಪಂಜು ಹಚ್ಚಿಟ್ಟ ಹಾಗೆ ವಿಮಾನ ಉರಿಯುತ್ತಿದೆ. ಜಪಾನಿಯರು ಇನ್ನು ಸರ್ಚ್‌ಲೈಟಿನ ಮೇಲೆ ನೆಚ್ಚಿಕೊಳ್ಳಬೇಕಾಗಲಿಲ್ಲ. ಆ ಬೆಂಕಿಗೇ ಗುರಿ ಇಟ್ಟು ಹೊಡೆದರು. ಮುಳುಗಿಸಿದ್ದು ಶೆಲ್‌ಗಳು ಮತ್ತು ಟಾರ್ಪಿಡೊಗಳು. ಪೆಟ್ರೋಲ್ ಮಾಡಿದ್ದು ದೀಪ ಹಿಡಿಯುವ ಕೆಲಸ. ಹಾಗಾಗಿ ‘ಪೆಟ್ರೋಲಿನಿಂದ ಮುಳುಗಿತು’ ಅನ್ನುವುದು ತಪ್ಪು. ‘ಪೆಟ್ರೋಲಿಗೂ ಅದಕ್ಕೂ ಸಂಬಂಧವಿಲ್ಲ’ ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು.

ಬೆಂಕಿಗೆ ಬಣ್ಣ, ಪೀಠೋಪಕರಣ, ದೋಣಿಗಳು, ಮೇಲೆ ಇಟ್ಟಿದ್ದ ಮದ್ದುಗುಂಡು ಎಲ್ಲ ಸೌದೆಯಾದವು. ಆಸ್ಟೋರಿಯಾವನ್ನು ಉಳಿಸಲು ಅದರ ನಾವಿಕರು ಬೆಳಗಿನವರೆಗೂ ಹೆಣಗಾಡಿದರು. ಮಧ್ಯಾಹ್ನ 12 ದಾಟಿದ ಮೇಲೆ ಅದೂ ಮುಳುಗಿತು. ಆಮೇಲೆ ಅಮೆರಿಕನ್ ನೌಕಾಪಡೆ ಹಡಗುಗಳ ಒಳಗಿನ ಹಳೇ ಬಣ್ಣವನ್ನೇ ಕೆರೆದು ತೆಗೆಸಿತು.

ವಿನ್ಯಾಸ ಮಾಡುವವರಿಗೆ ನಡುವಿನ ಹ್ಯಾಂಗರ್ ಒಳ್ಳೆಯದಲ್ಲ ಎಂಬುದು ಯುದ್ಧಕ್ಕೆ ಮುಂಚೆಯೇ ಹೊಳೆದಿತ್ತು. 1937ರಿಂದ ಬಂದ ‘ಬ್ರೂಕ್ಲಿನ್’ ವರ್ಗದ ಕ್ರೂಸರ್‌ಗಳಲ್ಲಿ ಕ್ಯಾಟಪಲ್ಟ್, ಹ್ಯಾಂಗರ್ ಎರಡೂ ಹಡಗಿನ ಹಿಂತುದಿಗೆ ಹೋದವು. ಅಲ್ಲಿ ಉರಿದರೆ ಹೊಗೆ ಹಿಂದಕ್ಕೆ ಹೋಗುತ್ತದೆ, ಕೆಟ್ಟದ್ದಾದರೆ ಬಾಲ ಸುಡುತ್ತದೆ. 1944ರ ಅಕ್ಟೋಬರಿನಲ್ಲಿ ಹಿಂತುದಿಯಲ್ಲಿ ಹ್ಯಾಂಗರ್ ಇದ್ದ ‘ಹ್ಯೂಸ್ಟನ್’ಗೆ ಎರಡು ದಿನದ ಅಂತರದಲ್ಲಿ ಎರಡು ಟಾರ್ಪಿಡೊ ತಾಗಿದವು. ಎರಡನೆಯದು ಹಿಂದೆ ಬಡಿದು ವಿಮಾನದ ಹ್ಯಾಂಗರಿನೊಳಗೆ ನೀರು ನುಗ್ಗಿತು. ಆದರೂ ಆ ಹಡಗನ್ನು ಎಳೆದುಕೊಂಡು ಉಲಿಥಿ ದ್ವೀಪದ ನೆಲೆಗೆ ತಂದರು.

ಎಸೆದುಬಿಡಬಹುದಿತ್ತಲ್ವಾ?

ನಿಮ್ಮ ಕೊನೆಯ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಕ್ಯಾಪ್ಟನ್ ಜಾಗದಲ್ಲಿ ನಿಂತು ನೋಡಿದರೆ ಮಾತ್ರ ಅದರ ಕಷ್ಟ ತಿಳಿಯುತ್ತದೆ.

ಮೊದಲ ದಾರಿ ಮಿಕಾವ ಮಾಡಿದ್ದು. ಮುಂಚೆಯೇ ಹಾರಿಸಿಬಿಡುವುದು. ಆದರೆ ಹಾರಿಹೋದದ್ದು ಹಡಗಿನ ಮೇಲೆ ವಾಪಸ್ ಇಳಿಯಲಾಗದು. ಸಮುದ್ರದ ಮೇಲೆ ಇಳಿಯಬೇಕು, ಹಡಗು ನಿಧಾನ ಮಾಡಿ ಕ್ರೇನಿನಲ್ಲಿ ಎತ್ತಿಕೊಳ್ಳಬೇಕು. ಜಲಾಂತರ್ಗಾಮಿಗೆ ಇದಕ್ಕಿಂತ ಒಳ್ಳೆಯ ಗುರಿ ಬೇಕಾ? ಹಾರಿಸುವುದೂ ಸಲೀಸಲ್ಲ. ಸಾವೋ ಆಗಿ ಎರಡು ತಿಂಗಳಿಗೆ, ಅಕ್ಟೋಬರ್ 11ರ ರಾತ್ರಿ, ಕೇಪ್ ಎಸ್ಪೆರೆನ್ಸ್ ಹತ್ತಿರ ‘ಸಾಲ್ಟ್ ಲೇಕ್ ಸಿಟಿ’ ಕ್ರೂಸರ್ ತನ್ನ ವಿಮಾನ ಹಾರಿಸಿತು. ವಿಮಾನದೊಳಗಿದ್ದ ಬೆಳಕಿನ ಉರಿಯೇ ಹತ್ತಿಕೊಂಡು ವಿಮಾನ ಸಮುದ್ರಕ್ಕೆ ಬಿದ್ದು ಧಗಧಗ ಉರಿಯಿತು. ಬೆಂಕಿ ತಪ್ಪಿಸಲು ಹೋಗಿ ಬೆಂಕಿಯನ್ನೇ ಜಾಹೀರು ಮಾಡಿದ ಹಾಗಾಯಿತು. ಅದೃಷ್ಟಕ್ಕೆ, ಅದನ್ನು ಕಂಡ ಜಪಾನಿಯರು ತಮ್ಮವರದೇ ಸಂಕೇತ ಎಂದುಕೊಂಡರು.

ಎರಡನೇ ದಾರಿ, ವಿಮಾನದ ಪೆಟ್ರೋಲನ್ನು ಕೆಳಗೆ ಇಳಿಸುವುದು. ಇದಕ್ಕೆ ಹೊತ್ತು ಬೇಕು. ಮೇಲೆ ಹೇಳಿದೆನಲ್ಲ, ಖಾಲಿ ಮಾಡಿದ ಟ್ಯಾಂಕು, ಪೈಪು ಆವಿಯ ಮನೆ. ಅದನ್ನು ಕೊಲ್ಲಲು ಉರಿಯದ ಅನಿಲ ತುಂಬಬೇಕು. ಮಿಡ್‌ವೇ ಕದನದಲ್ಲಿ ‘ಯಾರ್ಕ್‌ಟೌನ್’ ವಿಮಾನವಾಹಕ ಇದನ್ನು ಮಾಡಿತು. ಆಸ್ಕರ್ ಮೈಯರ್ಸ್ ಎಂಬ ಅಧಿಕಾರಿಯ ಯೋಚನೆ ಅದು. ದಾಳಿಗೆ ಮುಂಚೆ ಪೆಟ್ರೋಲ್ ಪೈಪುಗಳನ್ನು ಬರಿದು ಮಾಡಿ ಇಂಗಾಲದ ಡೈಆಕ್ಸೈಡ್ ತುಂಬಿದರು. ಬಾಂಬ್ ಬಿತ್ತು, ಪೆಟ್ರೋಲ್ ಬೆಂಕಿ ಬೀಳಲಿಲ್ಲ. ಲೆಕ್ಸಿಂಗ್ಟನ್ ಹೋಗಿ ಆಗ ಒಂದು ತಿಂಗಳೂ ಆಗಿರಲಿಲ್ಲ. ಒಬ್ಬರ ಸಾವಿನಿಂದ ಇನ್ನೊಬ್ಬರು ಇಷ್ಟು ಬೇಗ ಕಲಿತದ್ದು ಅಪರೂಪ.

ಮೂರನೆಯದು ನೀವು ಹೇಳಿದ್ದು: ಎಸೆಯುವುದು. ಎಸೆದರು, ಬಹಳ ಸಲ. ಆದರೆ ಹೆಚ್ಚಾಗಿ ಕೊನೇ ಗಳಿಗೆಯಲ್ಲಿ. 1939ರ ಡಿಸೆಂಬರ್ 13ರಂದು ರಿವರ್ ಪ್ಲೇಟ್ ಕದನದಲ್ಲಿ ಜರ್ಮನಿಯ ‘ಗ್ರಾಫ್ ಶ್ಪೇ’ಯ ಶೆಲ್ ಚೂರುಗಳು ಬ್ರಿಟಿಷ್ ಕ್ರೂಸರ್ ‘ಎಕ್ಸೆಟರ್’ನ ಎರಡೂ ವಾಲ್ರಸ್ ವಿಮಾನಗಳನ್ನು ಜರಡಿ ಮಾಡಿದವು. ವಾಲ್ರಸ್‌ನ ಟ್ಯಾಂಕ್ ಇರುವುದು ಮೇಲಿನ ರೆಕ್ಕೆಯಲ್ಲಿ, ಸುಮಾರು 700 ಲೀಟರ್. ಅಲ್ಲಿಂದ ಪೆಟ್ರೋಲ್ ಹಡಗಿನ ಮೇಲೆ ಚಿಮ್ಮತೊಡಗಿತು. ಮೇಲೆ ಫಿರಂಗಿಗಳು ಗುಡುಗುತ್ತಿವೆ, ಕೆಳಗೆ ಪೆಟ್ರೋಲ್ ಮಳೆ. ಎರಡನ್ನೂ ಸಮುದ್ರಕ್ಕೆ ತಳ್ಳಿದರು. ಅದೇ ದಿನ ‘ಏಜಾಕ್ಸ್’ ಹಡಗು ತನ್ನ ಸೀಫಾಕ್ಸ್ ವಿಮಾನವನ್ನು ಕದನದ ನಡುವೆಯೇ ಹಾರಿಸಿ, ಶೆಲ್‌ಗಳು ಎಲ್ಲಿ ಬೀಳುತ್ತಿವೆ ಎಂದು ಆಕಾಶದಿಂದ ಹೇಳಿಸಿಕೊಂಡಿತು. ಒಂದೇ ಕದನ, ಎರಡು ಹಡಗು. ಒಂದಕ್ಕೆ ವಿಮಾನ ಕಣ್ಣಾಯಿತು, ಇನ್ನೊಂದಕ್ಕೆ ಸೆರಗಿನ ಕೆಂಡವಾಯಿತು.

1941ರ ಮೇ 24ರಂದು ಬ್ರಿಟಿಷ್ ಯುದ್ಧನೌಕೆ ‘ಪ್ರಿನ್ಸ್ ಆಫ್ ವೇಲ್ಸ್’ ತನ್ನ ವಾಲ್ರಸ್ ಹಾರಿಸುವ ಹೊತ್ತಿಗೆ ಸರಿಯಾಗಿ ಚೂರುಗಳು ತಾಗಿದವು. ಅದನ್ನೂ ಸಮುದ್ರಕ್ಕೆ ಹಾಕಿದರು. ಎದುರಾಳಿ, ಜರ್ಮನಿಯ ‘ಬಿಸ್ಮಾರ್ಕ್’ದು ಇನ್ನೂ ಮನ ಕಲಕುವ ಕಥೆ. ಮೂರು ದಿನ ಕಳೆದು, ತಮ್ಮ ಅಂತ್ಯ ಬಂತೆಂದು ತಿಳಿದಾಗ, ಹಡಗಿನ ದಿನಚರಿಯನ್ನಾದರೂ ದಡ ಸೇರಿಸೋಣ ಎಂದು ಅರಾಡೊ ವಿಮಾನವನ್ನು ಕ್ಯಾಟಪಲ್ಟಿಗೆ ಏರಿಸಿದರು. ಆಗ ಗೊತ್ತಾಯಿತು, ಕ್ಯಾಟಪಲ್ಟಿನ ಗಾಳಿಯ ಪೈಪನ್ನು ಹಿಂದಿನ ಕದನದ ಶೆಲ್ ಆಗಲೇ ಒಡೆದಿದೆ. ಅರಾಡೊದ ಪೆಟ್ರೋಲ್ ಇರುತ್ತಿದ್ದದ್ದು ಅದರ ಎರಡು ತೇಲುಗಾಲುಗಳೊಳಗೆ, ಒಂದೊಂದರಲ್ಲಿ 300 ಲೀಟರ್. ಭರ್ತಿ ಮಾಡಿದ ವಿಮಾನ, ಹಾರುವ ಹಾಗಿಲ್ಲ. ತಳ್ಳಿಬಿಟ್ಟರು.

ನಾಲ್ಕನೇ ದಾರಿ, ಏನೂ ಮಾಡದೆ ಇರುವುದು. ಕ್ವಿನ್ಸಿಯದು ಅದೇ. 1941ರ ನವೆಂಬರ್ 19ರಂದು ಆಸ್ಟ್ರೇಲಿಯಾದ ‘ಸಿಡ್ನಿ’ ಕ್ರೂಸರ್ ವ್ಯಾಪಾರಿ ಹಡಗಿನ ವೇಷದಲ್ಲಿದ್ದ ಜರ್ಮನಿಯ ‘ಕೊರ್ಮೊರಾನ್’ ಹತ್ತಿರ ಹೋಗಿ ಸಿಕ್ಕಿಬಿದ್ದಾಗಲೂ ಅದೇ. ಬದುಕುಳಿದ ಜರ್ಮನ್ನರು ಹೇಳಿದ ಪ್ರಕಾರ, ಶುರುವಿನ ಏಟುಗಳಲ್ಲೇ ನಡುವಿನ ವಾಲ್ರಸ್ ಒಡೆದು ಪೆಟ್ರೋಲ್ ಉರಿ ಹಬ್ಬಿತು. ಸಿಡ್ನಿಯ 645 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಮುಂಚೆಯೇ ಯಾಕೆ ಎಸೆಯಲಿಲ್ಲ? ರೇಡಾರ್ ಇನ್ನೂ ಎಳೆಗೂಸಾಗಿದ್ದ ಕಾಲ ಅದು. ಆ ಪುಟ್ಟ ವಿಮಾನ ಇಲ್ಲದಿದ್ದರೆ ಹಡಗಿಗೆ ದಿಗಂತದ ಆಚೆ ಕುರುಡು. 1940ರ ಏಪ್ರಿಲ್ 13ರಂದು ನಾರ್ವೆಯ ನಾರ್ವಿಕ್‌ನಲ್ಲಿ ಬ್ರಿಟಿಷ್ ಯುದ್ಧನೌಕೆ ‘ವಾರ್‌ಸ್ಪೈಟ್’ನ ಸ್ವೋರ್ಡ್‌ಫಿಶ್ ಫ್ಲೋಟ್ ಪ್ಲೇನ್ ಜರ್ಮನ್ನರ ಜಲಾಂತರ್ಗಾಮಿ ಯು-64ನ್ನು ತಾನೇ ಮುಳುಗಿಸಿತು. ಅಂಥದ್ದನ್ನು ಶತ್ರು ಕಾಣುವ ಮುಂಚೆಯೇ ಎಸೆದ ಕ್ಯಾಪ್ಟನ್ ಮೇಲಿನವರಿಗೆ ಏನು ಉತ್ತರ ಹೇಳಬೇಕು? ನನಗೆ ಈ ಕ್ಯಾಪ್ಟನ್‌ಗಳ ಮೇಲೆ ಸಿಟ್ಟು ಬರುವುದಿಲ್ಲ. ಸಾವೋ ವಿಷಯದಲ್ಲಿ ಮಾತ್ರ, ಶತ್ರುವಿನ ಹಡಗುಗಳು ಬರುತ್ತಿವೆ ಎಂಬ ಸುದ್ದಿ ಮುಂಚೆಯೇ ಸಿಕ್ಕಿತ್ತಲ್ಲ ಎಂದು ಹೊಟ್ಟೆ ಚುರುಕ್ ಅನ್ನುತ್ತದೆ.

ರೇಡಾರ್ ಬಲಿತ ಮೇಲೆ ಈ ಲೆಕ್ಕ ಬದಲಾಯಿತು. 1943-44ರ ಹೊತ್ತಿಗೆ ಬ್ರಿಟಿಷರು ದೊಡ್ಡ ಹಡಗುಗಳಿಂದ ಕ್ಯಾಟಪಲ್ಟ್ ಕಿತ್ತು ಹಾಕತೊಡಗಿದರು. ಅಮೆರಿಕದವರು ಯುದ್ಧ ಮುಗಿಯುವವರೆಗೂ ಇಟ್ಟುಕೊಂಡು, ಆಮೇಲೆ ಹೆಲಿಕಾಪ್ಟರ್‌ಗೆ ಬಂದರು. ಇವತ್ತು ನೌಕಾಪಡೆಗಳ ಹೆಲಿಕಾಪ್ಟರ್‌ಗಳು ಕುಡಿಯುವುದು ಪೆಟ್ರೋಲ್ ಅಲ್ಲ, ಸೀಮೆಎಣ್ಣೆಯ ಜಾತಿಯ ಇಂಧನ. ಅದೂ ಹಡಗಿಗೆಂದೇ ಬೇರೆ ಮಾಡಿದ್ದು. ವಿಮಾನ ನಿಲ್ದಾಣದ ಇಂಧನ 38 ಡಿಗ್ರಿಗೇ ಹತ್ತಿಕೊಳ್ಳುವಷ್ಟು ಆವಿ ಬಿಟ್ಟರೆ, ಹಡಗಿನದು 60 ಡಿಗ್ರಿಯವರೆಗೆ ಬಿಡಬಾರದು. ನಾನು ಸೇವೆಗೆ ಸೇರಿದಾಗ ಹಳಬರು ಹೇಳುತ್ತಿದ್ದರು, ‘ನಿಮ್ಮದು ಅಡುಗೆಮನೆಯ ಕೆಲಸ ಕಣ್ರೋ’ ಅಂತ.

ನಡುವೆ ಒಂದು ಊರಿನ ಮಾತು. ಯುದ್ಧದ ದಿನಗಳಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್‌ನಲ್ಲಿ ಅಮೆರಿಕನ್ ಕ್ಯಾಟಲಿನಾ ಹಾರುವ ದೋಣಿಗಳ ರಿಪೇರಿ ನಡೆಯುತ್ತಿತ್ತು. ಅವು ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಪೆಟ್ರೋಲ್ ತುಂಬಿದ ವಿಮಾನಗಳು ಇಳಿಯುತ್ತಿದ್ದ ಆ ಕೆರೆಗೆ ಬೆಂಕಿ ಬಿದ್ದದ್ದು ನಮ್ಮ ಕಾಲದಲ್ಲಿ, ನಮ್ಮ ಕೊಳಚೆಯಿಂದ. ಇರಲಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ವಿಮಾನ ಎಂದರೆ ಪೆಟ್ರೋಲ್ ಮಾತ್ರ ಅಲ್ಲ. ಅಮೆರಿಕನ್ ಹಡಗುಗಳ ಕ್ಯಾಟಪಲ್ಟ್ ಎಸೆಯುತ್ತಿದ್ದದ್ದು ಕರಿಮದ್ದಿನ ಬಲದಿಂದ. ಅದು ಸಣ್ಣ ಕಿಡಿಗೂ ಸಿಡಿಯುವ ವಸ್ತು. ಪರ್ಲ್ ಹಾರ್ಬರಿನಲ್ಲಿ ‘ಅರಿಜೋನ’ ಯುದ್ಧನೌಕೆ ಸ್ಫೋಟಗೊಂಡದ್ದಕ್ಕೆ ಈ ಕರಿಮದ್ದಿನ ಕೋಣೆ ದಾರಿ ಮಾಡಿಕೊಟ್ಟಿರಬಹುದು ಎಂದು ಅವರ ನೌಕಾಪಡೆಯೇ 1944ರಲ್ಲಿ ಊಹಿಸಿತ್ತು. ಸಾಬೀತಾಗಿಲ್ಲ. ಆದರೆ ನಿಮ್ಮ ಕ್ಯಾಟಪಲ್ಟ್ ಪಕ್ಕ ಪೆಟ್ರೋಲ್ ಪೈಪು, ಮದ್ದು ಎರಡನ್ನೂ ಒಟ್ಟಿಗೆ ಇಡಬೇಡಿ. ಆಗಿನ ಯಾವ ಅಧಿಕಾರಿಯೂ ಅದನ್ನು ನೋಡಿ ಸುಮ್ಮನಿರುತ್ತಿರಲಿಲ್ಲ.

ಇನ್ನು ಮಾಡೆಲ್ ವಿಷಯ. ಪೆಟ್ರೋಲ್ ತುಂಬುವ ದೃಶ್ಯ ತೋರಿಸುವ ಆಸೆ ಇದ್ದರೆ ಬೆಳಗಿನ ಹೊತ್ತು ಮಾಡಿ. ಒಂದು ವಿಮಾನ ಕ್ಯಾಟಪಲ್ಟ್ ಮೇಲೆ, ಉಳಿದವು ರೆಕ್ಕೆ ಮಡಚಿ ಹ್ಯಾಂಗರಿನಲ್ಲಿ. ಸೀಗಲ್ ರೆಕ್ಕೆ ಹಿಂದಕ್ಕೆ ಮಡಚುತ್ತದೆ, ನಿಮ್ಮ ಕಿಟ್‌ನಲ್ಲಿ ಹಾಗೆ ಕೊಟ್ಟಿಲ್ಲದಿದ್ದರೆ ಕತ್ತರಿಸಿ ಜೋಡಿಸಬೇಕು. ಹೋಸ್ ಪೈಪು ಹಿಡಿದವರು ಇಬ್ಬರು ಮೂವರು ಸಾಕು. ಸುತ್ತ ಸುಮ್ನೆ ನಿಂತು ನೋಡುವವರು ಬೇಡ. ಆ ಹೊತ್ತಿಗೆ ಸ್ಪೀಕರಿನಲ್ಲಿ ಸಿಗರೇಟು ನಿಷೇಧದ ಕೂಗು ಬಿದ್ದಿರುತ್ತದೆ, ಅಲ್ಲಿ ನಿಲ್ಲಲು ಯಾರಿಗೂ ಮನಸ್ಸಿರಲ್ಲ. ಕಂಬದ ಮೇಲೆ ಒಂದು ಕೆಂಪು ಬಾವುಟ ಹಾರಿಸಿ, ಹಿಂತುದಿ ಕವಲೊಡೆದ ಬಾಲದಂತೆ ಸೀಳಿರಬೇಕು. ಅಮೆರಿಕನ್ನರು ಅದನ್ನು ಆಗ ‘ಬೇಕರ್’ ಎನ್ನುತ್ತಿದ್ದರು: ಅಪಾಯದ ಸಾಮಾನು ಸಾಗುತ್ತಿದೆ, ದೂರ ಇರಿ ಎಂದು ಅರ್ಥ.

ಮೊಮ್ಮಗಳು ಮತ್ತೆ ಬಂಕ್ ಕೇಳಿದರೆ ಮಾಡೆಲನ್ನು ಮೆಲ್ಲಗೆ ತಿರುಗಿಸಿ, ಕೆಳಗಿನ ಕೆಂಪು ಬಣ್ಣದ ಭಾಗ ತೋರಿಸಿ, ಇದರೊಳಗೆ ಇದೆ ಎನ್ನಿ. ನೀವು ತಂದದ್ದು ನೀರಿನ ಮಟ್ಟಕ್ಕೇ ಕತ್ತರಿಸಿದ, ಕೆಳಭಾಗ ಇಲ್ಲದ ಕಿಟ್ ಆದರೆ, ಬಂಕ್ ನಮ್ಮ ಮೇಜಿನ ಹಲಗೆಯೊಳಗಿದೆ ಎಂದುಬಿಡಿ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.